ಕಾಳುಮೆಣಸು: ತೂಕಕ್ಕೆ ಬೆಲೆ, ಘಮಕ್ಕೆ?

ಶಿರಸಿಯ ಕಡೆ ಕಾಳುಮೆಣಸಿನ ಚೀಲ ಬಿಚ್ಚಿದರೆ ಮೊದಲು ನೋಡುವುದು ತೇವ, ಆಮೇಲೆ ತೂಕ. ಲೀಟರ್ ಅಳತೆಗೆ 550 ಗ್ರಾಂ ತೂಗಿದರೆ ಗಟ್ಟಿಕಾಳು, ತೀರಾ ಕೆಳಗಿಳಿದರೆ ಜೊಳ್ಳು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದದ್ದು, 1638ರಲ್ಲಿ ಇಂಗ್ಲಿಷರು ಕಾರವಾರದಲ್ಲಿ ವ್ಯಾಪಾರದ ಕೋಠಿ ತೆರೆದದ್ದು ಇದೇ ಕಾಳಿಗಾಗಿ. ಆದರೆ ಅದರ ಘಮ ಎಲ್ಲಿಂದ ಬರುತ್ತದೆ ಎಂಬುದು ತಿಳಿಯಲು ಬಹಳ ಕಾಲ ಹಿಡಿಯಿತು.

ಖಾರ ಬೇರೆ, ಘಮ ಬೇರೆ. ಖಾರ ಕೊಡುವ ಪೈಪರಿನ್ ಅನ್ನು ಡೆನ್ಮಾರ್ಕಿನ ವಿಜ್ಞಾನಿ ಓರ್‌ಸ್ಟೆಡ್ 1820ರ ಸುಮಾರಿಗೇ ಬೇರ್ಪಡಿಸಿದ. ಅದು ಹಬೆಯೊಡನೆ ಏಳುವುದಿಲ್ಲ. ಘಮ ಇರುವುದು ಕಾಳಿನಲ್ಲಿ ನೂರಕ್ಕೆ 2ರಿಂದ 4ರಷ್ಟಿರುವ ಎಣ್ಣೆಯಲ್ಲಿ. ಆ ಎಣ್ಣೆಯ ದೊಡ್ಡ ಪಾಲುಗಳಲ್ಲೊಂದು ಕ್ಯಾರಿಯೋಫಿಲೀನ್. ಹೆಸರು ಬಂದದ್ದು ಲವಂಗದ ಹಳೆಯ ಸಸ್ಯನಾಮದಿಂದ, ಅಲ್ಲಿಯೂ ಇದು ಉಂಟು. ನಾಲ್ಕು ಇಂಗಾಲದ ಬಳೆಗೆ ಒಂಬತ್ತು ಇಂಗಾಲದ ಬಳೆ ಅಂಟಿರುವ ವಿಚಿತ್ರ ರಚನೆ ಇದರದ್ದು. ಅಮೆರಿಕದ ರಸಾಯನಶಾಸ್ತ್ರಜ್ಞ ಇ. ಜೆ. ಕೋರಿ ತಂಡ 1964ರಲ್ಲಿ ಇದನ್ನು ಪ್ರಯೋಗಾಲಯದಲ್ಲಿ ಕಟ್ಟಿತು. ಗಾಂಜಾದ ಅಂಶಗಳು ನಮ್ಮ ಮೈಯಲ್ಲಿ ಹಿಡಿಯುವ ಎರಡು ಗ್ರಾಹಕಗಳಲ್ಲಿ (ಜೀವಕೋಶದ ಮೇಲೆ ಅವು ಅಂಟಿಕೊಳ್ಳುವ ತಾಣಗಳಲ್ಲಿ) ಅಮಲು ತರದ ಒಂದನ್ನಷ್ಟೇ ಇದು ಹಿಡಿಯುತ್ತದೆ ಎಂದು ಗೊತ್ತಾದದ್ದು 2008ರಲ್ಲಿ. ಘಮವೆಲ್ಲ ಇದರದ್ದೇ ಅಲ್ಲ ಅನ್ನಿ. ಅದೇ ಎಣ್ಣೆಯಲ್ಲಿರುವ ಪೈನೀನ್, ಸ್ಯಾಬಿನೀನ್, ಲಿಮೊನೀನ್‌ಗಳ ಹಗುರ ತಾಜಾ ವಾಸನೆಯ ಕೆಳಗೆ ಕ್ಯಾರಿಯೋಫಿಲೀನ್‌ನ ಮರದಂಥ ಗಂಧ ನಿಂತಿರುತ್ತದೆ.

ತಕರಾರು ಇರುವುದು ಕೊಯ್ಲಿನಲ್ಲಿ. ಪೂರ್ತಿ ಬಲಿಯುವ ಮೊದಲೇ ಕಾಳಿನಲ್ಲಿ ಎಣ್ಣೆಯ ಪ್ರಮಾಣ ಹೆಚ್ಚು. ಆಮೇಲೆ ಪಿಷ್ಟ ತುಂಬಿ ತೂಕ ಏರುತ್ತದೆ. ಅದಕ್ಕೇ ಎಣ್ಣೆ ತೆಗೆಯುವವರು ಎಳೆಗಾಳು ಕೇಳುತ್ತಾರೆ, ಬೆಳೆಗಾರ ಕರೆಯಲ್ಲಿ (ಕಾಳಿನ ಗೊಂಚಲಿನಲ್ಲಿ) ಒಂದೆರಡು ಕಾಳು ಕೆಂಪಾಗುವವರೆಗೆ ಕಾಯುತ್ತಾನೆ. ಲೀಟರ್ ತೂಕವೊಂದನ್ನೇ ನೋಡುವ ದರ ಘಮಕ್ಕೆ ನ್ಯಾಯ ಕೊಡುವುದಿಲ್ಲ.

ಬಿಡಿಸಿದ ಕಾಳನ್ನು ತೂತಿನ ಬುಟ್ಟಿಯಲ್ಲಿ ಹಾಕಿ ಕುದಿನೀರಿನಲ್ಲಿ ಒಂದೇ ನಿಮಿಷ ಅದ್ದಿ ತೆಗೆಯಬೇಕು. ಸಿಪ್ಪೆ ಒಂದೇ ಸಮ ಕಪ್ಪಾಗುತ್ತದೆ, ಮೂರು ನಾಲ್ಕು ಬಿಸಿಲಿಗೆ ಒಣಗುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಕಪ್ಪು ಬರಿಸುವ ಕಿಣ್ವವೇ ಸಾಯುತ್ತದೆ, ಕಾಳು ಕಂದಾಗಿ ಉಳಿಯುತ್ತದೆ. ಅಡಿಕೆ ಬೇಯಿಸಿದ ಹಂಡೆಯನ್ನು ತಿಕ್ಕದೆ ಬಳಸಬೇಡಿ, ಚೊಗರು ಹತ್ತುತ್ತದೆ. ಡ್ರೈಯರ್ 60 ಡಿಗ್ರಿ ದಾಟಿದರೆ ಹಗುರ ವಾಸನೆಗಳು ಹಾರಿಹೋಗುತ್ತವೆ. ತೇವ ಶೇ. 12ರ ಮೇಲೆ ಉಳಿದರೆ ಮಳೆಗಾಲದಲ್ಲಿ ಬೂಸ್ಟು ಖಾತ್ರಿ.

ಹಬೆ ಹಾಯಿಸಿ ಎಣ್ಣೆ ಬಟ್ಟಿ ಇಳಿಸುವಾಗ ತರಿಯಾಗಿ ಒಡೆದ ಕಾಳೇ ಬೇಕು. ನುಣ್ಣಗಿದ್ದರೆ ಪುಡಿ ಗಟ್ಟಿಕಟ್ಟಿ, ಹಬೆ ಒಂದೆರಡು ಸೀಳಿನಲ್ಲೇ ನುಗ್ಗಿಹೋಗುತ್ತದೆ. ಮೊದಲು ಇಳಿಯುವುದು ಹಗುರ ಭಾಗ, ಕ್ಯಾರಿಯೋಫಿಲೀನ್ ಬರುವುದು ತಡವಾಗಿ. ಬೇಗ ಬೆಂಕಿ ಆರಿಸಿದರೆ ಎಣ್ಣೆ ತೆಳ್ಳಗಾಗುತ್ತದೆ.

ಮನೆಯಲ್ಲೂ ಅಷ್ಟೇ. ತಿಂಗಳುಗಟ್ಟಲೆ ಇಟ್ಟ ಪುಡಿಯಲ್ಲಿ ಪೈನೀನ್ ಹಾರಿರುತ್ತದೆ, ಕ್ಯಾರಿಯೋಫಿಲೀನ್ ಗಾಳಿ ತಾಗಿ ಆಕ್ಸೈಡ್ ಆಗುತ್ತಿರುತ್ತದೆ. ನಾಲಗೆಗೆ ಖಾರ ಮಾತ್ರ ಸಿಗುತ್ತದೆ. ಕಾಳನ್ನು ಇಡಿಯಾಗಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಸಾರು ಇಳಿಸುವ ಹೊತ್ತಿಗೆ ಜಜ್ಜಿ ಹಾಕಿ.