ಓದುಗರ ಪ್ರಶ್ನೆ: ವಸಂತದಲ್ಲಿ ಸುಝೌಗೆ ಯಾವ ವಾರ ಹೋಗಬೇಕು, ಎಷ್ಟು ದಿನ ಇರಬೇಕು?

ಪ್ರಶ್ನೆ: ಮಕ್ಕಳ ಬೇಸಿಗೆ ರಜೆಯಲ್ಲಿ ಚೀನಾದ ಕಾಲುವೆಗಳ ಊರಾದ ಸುಝೌ ನೋಡಬೇಕೆಂದಿದ್ದೇವೆ. ಶಾಂಘೈನಲ್ಲಿ ಉಳಿದುಕೊಂಡು ಒಂದು ದಿನ ಹೋಗಿಬಂದರೆ ಸಾಕೆಂದು ಕೆಲವರು ಹೇಳುತ್ತಾರೆ. ಅದು ನಿಜವೇ? ಮಾರ್ಚ್‌ನಿಂದ ಮೇವರೆಗೆ ಯಾವ ವಾರ ಒಳ್ಳೆಯದು?

ಉತ್ತರ: ಒಂದು ದಿನ ಸಾಲದು. ಮೂರು ರಾತ್ರಿಗಳನ್ನು ತೆಗೆದಿಡಿ, ಅವುಗಳನ್ನು ಹಳೆಯ ಊರಿನ ಒಳಗೇ ಕಳೆಯಿರಿ. ವಾರದ ವಿಷಯದಲ್ಲಿ ಏಪ್ರಿಲ್ 10ರಿಂದ 27ರವರೆಗಿನ ಅವಧಿಗಿಂತ ಒಳ್ಳೆಯ ಸಮಯ ವಸಂತದಲ್ಲಿ ಇನ್ನೊಂದಿಲ್ಲ. ನಮ್ಮ ಬಹುತೇಕ ಶಾಲೆಗಳಿಗೆ ರಜೆ ಶುರುವಾಗುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಎಂಬುದು ಕರ್ನಾಟಕದ ಕುಟುಂಬಗಳ ಪಾಲಿಗೆ ಅನುಕೂಲವೇ ಆಗಿದೆ.

ಈ ಅವಧಿಯ ಎರಡು ಅಂಚುಗಳಲ್ಲೂ ಚೀನಾದ ಸಾರ್ವಜನಿಕ ರಜೆಗಳಿವೆ. ಏಪ್ರಿಲ್ 4ರಿಂದ 6ರ ಆಸುಪಾಸಿನಲ್ಲಿ ಚಿಂಗ್‌ಮಿಂಗ್ ಬರುತ್ತದೆ. ಹಿರಿಯರ ಸಮಾಧಿಗಳನ್ನು ಗುಡಿಸಿ, ಪೂಜಿಸಿ, ಬಳಿಕ ಮನೆಮಂದಿಯೆಲ್ಲ ಬಯಲಿಗೆ ಹೊರಡುವ ಹಬ್ಬ ಅದು. ಮೇ 1ರಿಂದ ಕಾರ್ಮಿಕ ದಿನಾಚರಣೆಯ ರಜೆ. ಎರಡರಲ್ಲೂ ಶಾಂಘೈನಂಥ ಮಹಾನಗರದ ಜನ ಅರ್ಧ ಗಂಟೆಯ ರೈಲು ಹಿಡಿದು ಸುಝೌಗೆ ಬರುತ್ತಾರೆ. ತೋಟಗಳ ಒಳಗೆ ನಿಂತು ನೋಡಲು ಜಾಗವೇ ಸಿಗುವುದಿಲ್ಲ. ಮಾರ್ಚ್‌ನಲ್ಲಿ ಗುವಾಂಗ್‌ಫೂ ಬೆಟ್ಟದ ಬಳಿಯ ಪ್ಲಮ್ ಹೂಗಳ ಸೊಬಗಿದ್ದರೂ ನಮ್ಮವರಿಗೆ ಚಳಿ ಹೆಚ್ಚೆನಿಸುತ್ತದೆ. ಜೂನ್ ಮಧ್ಯದಲ್ಲಿ, ಪ್ಲಮ್ ಕಾಯಿ ಮಾಗುವ ಹೊತ್ತಿನ ಜಡಿಮಳೆ ಹಿಡಿಯುತ್ತದೆ. ಏಪ್ರಿಲ್‌ನಲ್ಲಿ ಹಗಲು 20 ಡಿಗ್ರಿಯ ಆಸುಪಾಸು, ರಾತ್ರಿ 11 ಡಿಗ್ರಿಯ ಆಸುಪಾಸು ಇರುತ್ತದೆ. ಆಗಾಗ ತುಂತುರು ಮಳೆ ಬರುವುದರಿಂದ ಸ್ವೆಟರು, ಕೊಡೆ ಎರಡೂ ಬೇಕು. ತುಂತುರಿಗೆ ಹೆದರಿ ಕೋಣೆಯಲ್ಲಿ ಕೂರಬೇಡಿ, ಈ ಊರಿನ ಬಿಳಿ ಗೋಡೆ ಮತ್ತು ಕಪ್ಪು ಹೆಂಚುಗಳು ನೆನೆದಾಗಲೇ ಅತ್ಯಂತ ಚೆಲುವಾಗಿ ಕಾಣುತ್ತವೆ.

ಇನ್ನು ಒಂದು ದಿನ ಏಕೆ ಸಾಲದು ಎಂಬುದು. ಕ್ರಿ.ಪೂ. 514ರಲ್ಲಿ ವೂ ರಾಜ್ಯದ ದೊರೆ ಹೆಲೂ ತನ್ನ ಮಂತ್ರಿ ವೂ ಝಿಷೂನಿಂದ ಕಟ್ಟಿಸಿದನೆಂದು ಹೇಳಲಾಗುವ ಈ ಊರು ಇಂದಿಗೂ ಅದೇ ಜಾಗದಲ್ಲಿದೆ. 1229ರಲ್ಲಿ ಇಡೀ ಊರಿನ ನಕ್ಷೆಯನ್ನು ಕಲ್ಲಿನಲ್ಲಿ ಕೆತ್ತಲಾಯಿತು. ಆ ಕಲ್ಲು ಊರಿನ ಕನ್‌ಫ್ಯೂಷಿಯಸ್ ಮಂದಿರದಲ್ಲಿದೆ. ರಸ್ತೆಯ ಪಕ್ಕಕ್ಕೆ ಕಾಲುವೆ, ಕಾಲುವೆಯ ಪಕ್ಕಕ್ಕೆ ರಸ್ತೆ ಎಂಬಂತೆ ಚದುರಂಗದ ಎರಡು ಹಾಸುಗಳನ್ನು ಒಂದರ ಮೇಲೊಂದು ಇಟ್ಟ ಹಾಗೆ ಕಾಣುವ ಆ ನಕ್ಷೆಯಲ್ಲಿ ಪಿಂಗ್‌ಜಿಯಾಂಗ್ ಬೀದಿಯನ್ನು ಹುಡುಕಿ, ಬಳಿಕ ಅದೇ ಬೀದಿಯಲ್ಲಿ ಅದೇ ಕಾಲುವೆಯ ದಡ ಹಿಡಿದು ನಡೆದುಹೋಗಬಹುದು. ಸುಮಾರು 800 ವರ್ಷ ಹಳೆಯ ನಕ್ಷೆಯೊಂದನ್ನು ನಂಬಿ ಇಂದು ದಾರಿ ಹಿಡಿಯಬಹುದಾದ ಊರುಗಳು ಜಗತ್ತಿನಲ್ಲಿ ತೀರ ವಿರಳ. ಶಾಂಘೈನಿಂದ ಬಂದ ಪ್ರವಾಸಿ ಈ ಬೀದಿಗೆ ತಲುಪುವುದು ಹತ್ತೂವರೆಗೆ, ಆ ಹೊತ್ತಿಗೆ ಅದು ಅಂಗಡಿಗಳ ಮತ್ತು ಗುಂಪುಗಳ ಬೀದಿಯಾಗಿರುತ್ತದೆ. ಊರೊಳಗೇ ಉಳಿದವರು ಆರು ಗಂಟೆಗೆ ಹೊರಟರೆ, ಸೂರ್ಯೋದಯ ಐದೂವರೆಗೇ ಆಗಿರುವುದರಿಂದ, ಎಳೆಬಿಸಿಲಿನಲ್ಲಿ ಬೀದಿ ಖಾಲಿಯಾಗಿ ಸಿಗುತ್ತದೆ. ಮನೆಗಳ ಮುಂಬಾಗಿಲು ರಸ್ತೆಗಿದ್ದರೆ ಹಿತ್ತಿಲ ಬಾಗಿಲು ನೀರಿಗಿರುತ್ತದೆ. ಆ ಬಾಗಿಲಿನಿಂದ ನೀರಿನವರೆಗೆ ಇಳಿದ ಸವೆದ ಕಲ್ಲುಮೆಟ್ಟಿಲುಗಳನ್ನೂ, ದಡದ ಗೋಡೆಯಲ್ಲಿ ದೋಣಿಯ ಹಗ್ಗ ಕಟ್ಟಲೆಂದು ಕೊರೆದ ಕಲ್ಲಿನ ಕಣ್ಣುಗಳನ್ನೂ ನಿಧಾನವಾಗಿ ನೋಡಿ. ಇಲ್ಲಿ ಕಾಲುವೆ ನೋಟಕ್ಕಾಗಿ ಇದ್ದದ್ದಲ್ಲ. ಅಕ್ಕಿಯೂ ಸೌದೆಯೂ ಮನೆಗೆ ಬರುತ್ತಿದ್ದ ದಾರಿ ಅದು.

ಯುನೆಸ್ಕೊ ಪಟ್ಟಿಯಲ್ಲಿ ಸುಝೌದ ಒಂಬತ್ತು ತೋಟಗಳಿವೆ; ನಾಲ್ಕು 1997ರಲ್ಲಿ, ಉಳಿದವು 2000ದಲ್ಲಿ ಸೇರಿದವು. ಒಂಬತ್ತನ್ನೂ ನೋಡಿ ಮುಗಿಸಬೇಕೆಂಬ ಹಟ ಬೇಡ. ಮೂರನ್ನು ಚೆನ್ನಾಗಿ ನೋಡಿದರೆ ಸಾಕು. ಎಲ್ಲಕ್ಕಿಂತ ದೊಡ್ಡದಾದ ಝುವೊಝೆಂಗ್ ಯುವಾನ್ ಸುಮಾರು 13 ಎಕರೆಯದು, 16ನೇ ಶತಮಾನದ ಆರಂಭದಲ್ಲಿ ಅಧಿಕಾರ ಬಿಟ್ಟು ಬಂದ ವಾಂಗ್ ಶಿಯಾನ್‌ಚೆನ್ ಮಾಡಿಸಿದ್ದು. ಬೆಳಿಗ್ಗೆ ಬಾಗಿಲು ತೆರೆಯುವಾಗಲೇ ಅಲ್ಲಿರಿ. ಕೊಳದ ಪೂರ್ವದ ತುದಿಯಿಂದ ಪಶ್ಚಿಮಕ್ಕೆ ನೋಡಿದರೆ ನೀರಿನಾಚೆ, ಮರಗಳ ಮೇಲೆ ಒಂದು ಗೋಪುರ ಕಾಣುತ್ತದೆ. ಅದು ತೋಟದ್ದಲ್ಲ, ಹೊರಗೆ ಬಹುದೂರದಲ್ಲಿರುವ, 76 ಮೀಟರ್ ಎತ್ತರದ ಬೈಸಿ ಪಗೋಡ. ದೃಶ್ಯವನ್ನು ನೆರೆಯಿಂದ ಎರವಲು ಪಡೆಯುವ ಈ ಜಾಣ್ಮೆ ಇಂದಿಗೂ ಉಳಿದಿರುವುದಕ್ಕೆ ಹಳೆಯ ಊರಿನಲ್ಲಿ 24 ಮೀಟರಿಗಿಂತ ಎತ್ತರ ಕಟ್ಟಬಾರದೆಂಬ ನಿಯಮ ಕಾರಣ. ನಗರಾಡಳಿತವೊಂದು ಊರಿನ ಆಕಾಶವನ್ನೇ ಹೀಗೆ ಕಾಪಾಡಿಕೊಂಡದ್ದು, ನನ್ನ ದೃಷ್ಟಿಯಲ್ಲಿ, ಯಾವ ತೋಟಕ್ಕೂ ಕಡಿಮೆಯಾದ ಸಾಧನೆಯಲ್ಲ.

ಆದರೂ ಒಂದೇ ತೋಟ ನೋಡಲು ಸಮಯವಿದೆ ಎನ್ನುವವರಿಗೆ ನಾನು ಹೇಳುವುದು ಚಿಕ್ಕದಾದ ವಾಂಗ್‌ಶಿ ಯುವಾನನ್ನು. ಮನೆಯೂ ಸೇರಿ ಒಂದೂವರೆ ಎಕರೆಯೂ ಇಲ್ಲದ ಜಾಗ. ನಡುವಿನ ಕೊಳ ಸಣ್ಣದು, ಆದರೆ ಅದರ ಎರಡು ಮೂಲೆಗಳನ್ನು ಸಣ್ಣ ತೊರೆಯಂತೆ ಬಂಡೆಗಳ ನಡುವೆ ಒಳಕ್ಕೆ ಎಳೆದಿರುವುದರಿಂದ ನೀರು ಎಲ್ಲಿಯೋ ದೂರದಿಂದ ಬಂದು ಎಲ್ಲಿಗೋ ಹರಿಯುತ್ತಿದೆ ಎನ್ನಿಸುತ್ತದೆ. ಅಂಥ ಒಂದು ಮೂಲೆಯ ಮೇಲೆ ಕಲ್ಲಿನ ಕಮಾನು ಸೇತುವೆಯಿದೆ. ಅದರ ಉದ್ದ ಎರಡೂವರೆ ಮೀಟರಿನಷ್ಟೂ ಇಲ್ಲ, ಮೂರು ಹೆಜ್ಜೆಯಲ್ಲಿ ದಾಟಿಬಿಡಬಹುದು. ಇಬ್ಬರು ಎದುರುಬದುರಾಗಿ ಬಂದರೆ ಒಬ್ಬರು ನಿಲ್ಲಲೇಬೇಕು. ಮೆಟ್ಟಿಲು, ಕಟಕಟೆ, ಕೆತ್ತನೆ ಎಲ್ಲವೂ ದೊಡ್ಡ ಸೇತುವೆಯಲ್ಲಿ ಇರುವ ಹಾಗೆಯೇ ಇದ್ದು, ಅಳತೆ ಮಾತ್ರ ಕುಗ್ಗಿದೆ. ಹಾಗಾಗಿ ಆಚೆ ದಡದಿಂದ ನೋಡುವವರಿಗೆ ಕೊಳ ಕೆರೆಯಷ್ಟು ಅಗಲವಾಗಿ ಕಾಣುತ್ತದೆ. ಮಕ್ಕಳನ್ನು ಆ ಸೇತುವೆಯ ಮೇಲೆ ನಿಲ್ಲಿಸಿ ಎದುರಿನ ಮಂಟಪದಿಂದ ನೋಡಿದರೆ ಈ ಕಣ್ಕಟ್ಟು ಕ್ಷಣದಲ್ಲಿ ಅರ್ಥವಾಗುತ್ತದೆ. ಇದೇ ತೋಟದ ಒಂದು ಅಂಗಳವನ್ನು ಮಾದರಿಯಾಗಿಟ್ಟುಕೊಂಡು ಸುಝೌದ ಕುಶಲಕರ್ಮಿಗಳು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಅಂಗಳವೊಂದನ್ನು ಕಟ್ಟಿಕೊಟ್ಟಿದ್ದಾರೆ. ಮೂರನೆಯದಾಗಿ, ಜಾಲಂಧ್ರದ ಕಿಟಕಿಗಳಿಗೆ ಹೆಸರಾದ ಕಾಂಗ್‌ಲಾಂಗ್ ಮಂಟಪದ ತೋಟಕ್ಕೆ ಹೋಗಿ. ಅಲ್ಲಿ 108 ವಿನ್ಯಾಸಗಳಿವೆ ಎನ್ನುತ್ತಾರೆ.

ಐ.ಎಂ. ಪೇ ವಿನ್ಯಾಸ ಮಾಡಿ 2006ರಲ್ಲಿ ತೆರೆದ ಸುಝೌ ಮ್ಯೂಸಿಯಂ ಝುವೊಝೆಂಗ್ ಯುವಾನಿನ ಪಕ್ಕದಲ್ಲೇ ಇದೆ. ಪ್ರವೇಶ ಉಚಿತ, ಆದರೆ ಮುಂಗಡ ನೋಂದಣಿ ಬೇಕು. ಸೋಮವಾರ ಮುಚ್ಚಿರುತ್ತದೆ.

ರೇಷ್ಮೆ ಬೆಳೆಯುವ ನಾಡಿನವರಾದ ನಾವು ಬೈಸಿ ಪಗೋಡದ ಹತ್ತಿರದ ರೇಷ್ಮೆ ಮ್ಯೂಸಿಯಂ ತಪ್ಪಿಸಬಾರದು. ರಾಮನಗರದ ಗೂಡಿನ ಮಾರುಕಟ್ಟೆ ಕಂಡವರಿಗೆ ಇಲ್ಲಿ ಹೊಸದೆನಿಸುವುದು ಋತುವಿನ ಶಿಸ್ತು. ನಮ್ಮಲ್ಲಿ ಹಿಪ್ಪುನೇರಳೆ ವರ್ಷವಿಡೀ ಚಿಗುರುವುದರಿಂದ ಹುಳು ಸಾಕಣೆ ಬೆಳೆಯ ಮೇಲೆ ಬೆಳೆಯಾಗಿ ನಡೆಯುತ್ತದೆ. ಅಲ್ಲಿ ಚಳಿಗಾಲದಲ್ಲಿ ಮರ ಬೋಳಾಗಿ, ಏಪ್ರಿಲ್ ಕೊನೆಯ ಹೊತ್ತಿಗೆ ಎಲೆ ಬಂದ ಮೇಲೆಯೇ ವಸಂತದ ಸಾಕಣೆ ಆರಂಭವಾಗುತ್ತದೆ.

ಏಪ್ರಿಲ್ ಹೊಸ ಚಹಾದ ತಿಂಗಳೂ ಹೌದು. ತಾಯ್‌ಹೂ ಸರೋವರದ ದೊಂಗ್‌ಟಿಂಗ್ ಬೆಟ್ಟಗಳಲ್ಲಿ ಹಣ್ಣಿನ ಮರಗಳ ನಡುವೆ ಬೆಳೆಯುವ ಬಿಲೋಚುನ್ ಚಹಾದ ಅತ್ಯುತ್ತಮ ಚಿಗುರನ್ನು ಚಿಂಗ್‌ಮಿಂಗ್‌ಗೆ ಮುನ್ನವೇ ಕೊಯ್ಯುತ್ತಾರೆ. ಅರ್ಧ ಕಿಲೋಗೆ ಅರವತ್ತು ಸಾವಿರಕ್ಕೂ ಹೆಚ್ಚು ಚಿಗುರುಗಳು ಬೇಕಾಗುತ್ತವೆ. ಗಾಜಿನ ಲೋಟಕ್ಕೆ ಮೊದಲು ಬಿಸಿನೀರು ಸುರಿದು, ಅದು ಕೊಂಚ ಆರಿದ ಮೇಲೆ ಎಲೆಯನ್ನು ಮೇಲಿನಿಂದ ಉದುರಿಸುತ್ತಾರೆ. ಬಸವನಹುಳದಂತೆ ಸುರುಳಿ ಸುತ್ತಿದ, ಬಿಳಿ ರೋಮದ ಎಲೆಗಳು ಒಂದೊಂದಾಗಿ ಮುಳುಗುತ್ತ ಬಿಚ್ಚಿಕೊಳ್ಳುತ್ತವೆ. ಹಾಲು, ಸಕ್ಕರೆ ಕೇಳಬೇಡಿ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಎಚ್ಚರವಾಗಿರಬೇಕು, ಏಕೆಂದರೆ ಸೊಪ್ಪಿನ ಪಲ್ಯಕ್ಕೂ ಹಂದಿಯ ಕೊಬ್ಬು ಬೀಳಬಹುದು, ನೂಡಲ್ಸಿನ ಸಾರು ಮಾಂಸದ್ದೇ ಆಗಿರುತ್ತದೆ. "ವೊ ಚಿ ಸೂ" ಎಂದರೆ "ನಾನು ಸಸ್ಯಾಹಾರಿ" ಎಂದರ್ಥ. ಮಾಂಸದ ಸಾರು, ಕೊಬ್ಬು, ಮೊಟ್ಟೆ ಬೇಡವೆಂದು ಚೀನಿ ಲಿಪಿಯಲ್ಲಿ ಬರೆಸಿದ ಚೀಟಿಯನ್ನೂ ಇಟ್ಟುಕೊಳ್ಳಿ. ಶಿಯುವಾನ್ ಬೌದ್ಧ ದೇವಾಲಯದ ಸಸ್ಯಾಹಾರಿ ನೂಡಲ್ಸ್ ನಿಶ್ಚಿಂತೆಯಿಂದ ತಿನ್ನಬಹುದು. ಈ ಋತುವಿನಲ್ಲಿ ಎಲ್ಲೆಲ್ಲೂ ಕಾಣುವ ಹಸಿರು ಉಂಡೆಗಳಾದ ಚಿಂಗ್‌ಟುವಾನ್, ಎಳೆ ಹುಲ್ಲಿನ ರಸ ಬೆರೆಸಿದ ಅಂಟಕ್ಕಿ ಹಿಟ್ಟಿನೊಳಗೆ ಕೆಂಪು ಕಾಳಿನ ಹೂರಣವಿಟ್ಟು ಬೇಯಿಸಿದವು, ನಮ್ಮ ಸಿಹಿ ಕಡುಬಿಗೆ ಹತ್ತಿರದವು. ಆದರೆ ಹೂರಣಕ್ಕೂ ಕೊಬ್ಬು ಸೇರಿಸುವ ಪದ್ಧತಿ ಇದೆ, ಕೇಳಿಯೇ ಕೊಳ್ಳಿ.

ಪ್ರಯಾಣದ ಬಗ್ಗೆ ಮುಖ್ಯವಾದ ಮಾತುಗಳಿಷ್ಟು. ಭಾರತದ ಪಾಸ್‌ಪೋರ್ಟಿಗೆ ವೀಸಾ ಬೇಕೇ ಬೇಕು. ಹಲವು ದೇಶಗಳವರಿಗೆ ಇರುವ 240 ಗಂಟೆಗಳ ವೀಸಾರಹಿತ ಸೌಲಭ್ಯ ಅಮೆರಿಕದ ಪಾಸ್‌ಪೋರ್ಟ್ ಹೊಂದಿದ ಕನ್ನಡಿಗರಿಗೆ, ಮೂರನೆಯ ದೇಶಕ್ಕೆ ಮುಂದುವರಿಯುವ ಟಿಕೆಟ್ ಇದ್ದರೆ ಸಿಗುತ್ತದೆ. ಗ್ರೀನ್ ಕಾರ್ಡ್ ಇದ್ದು ಭಾರತದ ಪಾಸ್‌ಪೋರ್ಟ್ ಹೊಂದಿರುವವರಿಗೆ ಸಿಗದು. ಹಣ ಪಾವತಿಗೆ ಅಲಿಪೇ ಅಥವಾ ವೀಚ್ಯಾಟ್ ಆ್ಯಪಿಗೆ ನಿಮ್ಮ ಅಂತರರಾಷ್ಟ್ರೀಯ ಕಾರ್ಡನ್ನು ಊರಿನಲ್ಲೇ ಜೋಡಿಸಿಕೊಂಡು ಹೊರಡಿ. ಗೂಗಲ್, ವಾಟ್ಸ್‌ಆ್ಯಪ್ ಅಲ್ಲಿನ ಇಂಟರ್ನೆಟ್ಟಿನಲ್ಲಿ ನಡೆಯುವುದಿಲ್ಲ.

ರೈಲು ಟಿಕೆಟ್ 15 ದಿನ ಮುಂಚೆ ಮಾರಾಟಕ್ಕೆ ಬರುತ್ತದೆ, ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟು ಕೊಳ್ಳಬೇಕು. ಇಲ್ಲಿ ಒಂದು ಗಂಭೀರವಾದ ಗೊಂದಲವಿದೆ. ಇಂಗ್ಲಿಷ್ ಅಕ್ಷರಗಳಲ್ಲಿ ಇದೇ ಹೆಸರನ್ನು ಬರೆಯುವ ಇನ್ನೊಂದು ಸುಝೌ ಅನ್ಹುಯಿ ಪ್ರಾಂತ್ಯದಲ್ಲಿದೆ, ಮತ್ತು ಬೀಜಿಂಗ್–ಶಾಂಘೈ ವೇಗದ ರೈಲು ಮಾರ್ಗದ "ಸುಝೌ ಪೂರ್ವ" ನಿಲ್ದಾಣ ಆ ಊರಿಗೆ ಸೇರಿದ್ದು. ನೀವು ಹೋಗಬೇಕಾದದ್ದು ಜಿಯಾಂಗ್ಸು ಪ್ರಾಂತ್ಯದ ಸುಝೌಗೆ. ಅದರಲ್ಲೂ "ಸುಝೌ ಉತ್ತರ" ನಿಲ್ದಾಣ ಹಳೆಯ ಊರಿನಿಂದ ದೂರ. ದಿಕ್ಕಿನ ಹೆಸರಿಲ್ಲದ ಬರೀ "ಸುಝೌ" ಎಂಬ ನಿಲ್ದಾಣಕ್ಕೆ ಟಿಕೆಟ್ ತೆಗೆದುಕೊಳ್ಳಿ. ಅದರ ದಕ್ಷಿಣದ ಬಾಗಿಲಿನಿಂದ ಹೊರಬಂದರೆ ಎದುರಿಗೇ ಊರನ್ನು ಸುತ್ತುವರಿದ ಕಂದಕದ ನೀರು, ಅದರಾಚೆಗೆ ಬೈಸಿ ಪಗೋಡ.