ಮೂವರಿಗೂ ಪಾಸ್‌ವರ್ಡ್ ಇದೆ, ಇಬ್ಬರಿಗಷ್ಟೇ ಜಾಗ ಯಾಕೆ?

ಪ್ರಶ್ನೆ: ತೀರ್ಥಹಳ್ಳಿಯಲ್ಲಿ ನಮ್ಮದು ಅಡಿಕೆ ವ್ಯಾಪಾರ. ಲೆಕ್ಕವೆಲ್ಲ ಒಂದು ವಿಂಡೋಸ್ ಸರ್ವರ್‌ನಲ್ಲಿದೆ. ಅಂಗಡಿ, ಗೋಡೌನು, ಶಿವಮೊಗ್ಗದ ಮಂಡಿ, ಮೂರೂ ಕಡೆಯಿಂದ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಲಾಗಿನ್ ಆಗುತ್ತೇವೆ. ಮೂರನೆಯವರು ಬಂದರೆ ಒಬ್ಬರನ್ನು ಹೊರಗೆ ಕಳಿಸಿ ಅನ್ನುತ್ತದೆ. ಮಳೆಗಾಲದಲ್ಲಿ ಕೆಲವೊಮ್ಮೆ ಎರಡನೆಯವರಿಗೂ ಅದೇ ಕಥೆ. ಯಾಕೆ?

ಉತ್ತರ: ಸರ್ವರ್ ಎಣಿಸುವುದು ಜನರನ್ನಲ್ಲ, ಸೆಷನ್‌ಗಳನ್ನು, ಅಂದರೆ ಲಾಗಿನ್ ಆದಾಗಿನಿಂದ ಸೈನ್ ಔಟ್ ಆಗುವವರೆಗಿನ ಒಂದೊಂದು ಬಳಕೆಯನ್ನು. ಪಾಸ್‌ವರ್ಡ್ ಸರಿಯಿದೆಯೇ ಎಂದು ನೋಡುವುದು ಒಂದು ಕೆಲಸ, ಜಾಗ ಉಂಟೇ ಎಂದು ನೋಡುವುದು ಬೇರೆಯೇ ಕೆಲಸ. ಇದು ಹೊಸತಲ್ಲ. ಯುನಿಕ್ಸ್ ಎಂಬ ಹಳೆಯ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಯಾರು ಒಳಗಿದ್ದಾರೆಂಬುದು ಯುಟಿಎಂಪಿ ಎಂಬ ಕಡತದಲ್ಲಿ ದಾಖಲಾಗುತ್ತದೆ. ಐಬಿಎಂ ಕಂಪನಿಯ ಯುನಿಕ್ಸ್ ಆದ ಎಐಎಕ್ಸ್‌ನಲ್ಲಿ ಲೈಸೆನ್ಸಿನ ಸಂಖ್ಯೆಯನ್ನೇ ನಮೂದಿಸಿಟ್ಟು, ಅದು ಮುಗಿದರೆ ಮುಂದಿನ ಲಾಗಿನ್ ತಡೆಯುವ ವ್ಯವಸ್ಥೆ ಇತ್ತು. ಲಿನಕ್ಸಿಗೆ ಇಂಥ ಲೈಸೆನ್ಸಿನ ತಲೆನೋವೇ ಇಲ್ಲ. ಬೇಕಿದ್ದರೆ ನಿರ್ವಾಹಕರೇ ಮಿತಿ ಹಾಕಿಕೊಳ್ಳಬಹುದು.

ವಿಂಡೋಸ್ ಸರ್ವರ್ ಸುಮ್ಮನೆ ಕೊಡುವುದು 2 ರಿಮೋಟ್ ಸೆಷನ್, ಅದೂ ಸರ್ವರ್ ನೋಡಿಕೊಳ್ಳುವವರಿಗೆಂದು. ದಿನದ ವ್ಯವಹಾರಕ್ಕೆ ಹೆಚ್ಚು ಜನ ಬೇಕೆಂದರೆ ರಿಮೋಟ್ ಡೆಸ್ಕ್‌ಟಾಪ್ ಸರ್ವಿಸಸ್ ಹಾಕಿ, ಕ್ಯಾಲ್ ಎಂಬ ಲೈಸೆನ್ಸ್ ಕೊಳ್ಳಬೇಕು. ಹಾಕಿದ ಮೇಲೆ 120 ದಿನ ಲೈಸೆನ್ಸ್ ಇಲ್ಲದೆಯೂ ನಡೆಯುತ್ತದೆ. ಎಲ್ಲ ಸರಿಯಿದೆ ಎಂದು ಮರೆತು ಕೂತವರಿಗೆ, ಆಮೇಲೊಂದು ಬೆಳಿಗ್ಗೆ ಬಾಗಿಲು ಮುಚ್ಚಿರುತ್ತದೆ.

ಇನ್ನು ಮಳೆಗಾಲದ ವಿಷಯ. ಮರ ಬಿದ್ದು ಕರೆಂಟೋ ನೆಟ್ಟೋ ಹೋದರೆ ನಿಮ್ಮ ಪರದೆ ಕಪ್ಪಾಗುತ್ತದೆ, ಸರ್ವರಿಗೆ ಅದು ಕೂಡಲೇ ತಿಳಿಯುವುದಿಲ್ಲ. ಸ್ವಲ್ಪ ಹೊತ್ತು ಆ ಸೆಷನ್ ಚಾಲ್ತಿಯಲ್ಲಿದೆ ಎಂದೇ ಅಂದುಕೊಂಡಿರುತ್ತದೆ. ಬಸ್ಸಿನ ಸೀಟಿಗೆ ಟವೆಲ್ ಹಾಕಿ ಕೆಳಗಿಳಿದವರ ಹಾಗೆ. ಆಸಾಮಿ ಇಲ್ಲ, ಸೀಟೂ ಖಾಲಿಯಲ್ಲ. ಅದೇ ಯೂಸರ್ ಹೆಸರಿನಲ್ಲಿ ಮತ್ತೆ ಬಂದರೆ ಸಾಮಾನ್ಯವಾಗಿ ಹಳೆಯ ಸೆಷನ್ನೇ ಸಿಗುತ್ತದೆ. ಕಿಟಕಿಯ ಮೂಲೆಯ ಗುಣಿಸು ಗುರುತು ಒತ್ತಿ ಎದ್ದುಹೋದರೂ ಸೆಷನ್ ಮುಗಿಯುವುದಿಲ್ಲ, ಒಳಗೆ ತೆರೆದಿಟ್ಟ ಲೆಕ್ಕದ ಕಡತಗಳೂ ಹಾಗೇ ಉಳಿಯುತ್ತವೆ. ಹಳೆಯ 2003ರ ಸರ್ವರ್‌ನಲ್ಲಂತೂ ಇಂಥವೂ ಲೆಕ್ಕಕ್ಕೆ ಸೇರುತ್ತಿದ್ದವು. ಸೈನ್ ಔಟ್ ಮಾಡಿಯೇ ಏಳಿ. ಟಾಸ್ಕ್ ಮ್ಯಾನೇಜರ್‌ನ ಯೂಸರ್ಸ್ ಪುಟದಲ್ಲಿ ಯಾರ ಸೆಷನ್ ಉಳಿದಿದೆ ಎಂದು ಕಾಣುತ್ತದೆ. ಕಡಿದುಹೋದ ಸೆಷನ್ ಇಷ್ಟು ಹೊತ್ತಾದ ಮೇಲೆ ತಾನಾಗಿ ಮುಗಿಯಲಿ ಎಂದು ಗ್ರೂಪ್ ಪಾಲಿಸಿ ಎಂಬ ವಿಂಡೋಸಿನ ನಿಯಮಪಟ್ಟಿಯಲ್ಲಿ ಹೇಳಿಡಬಹುದು, ಆದರೆ ಉಳಿಸದ ಕೆಲಸವೂ ಅದರ ಜೊತೆ ಹೋಗುತ್ತದೆ.

ಮೂವರೂ ಒಂದೇ ಹೆಸರಿನಲ್ಲಿ ಲಾಗಿನ್ ಆಗುವ ಉಪಾಯ ಬೇಡ. ಮಂಡಿಯವರು ಬಂದ ಕೂಡಲೇ ಅಂಗಡಿಯವರು ಹೊರಗೆ ಬೀಳುತ್ತಾರೆ. ಮಿತಿ ಮುರಿಯುವ ಪ್ಯಾಚ್ ಹಾಕಿಕೊಡುತ್ತೇನೆ ಎನ್ನುವವರೂ ಸಿಗುತ್ತಾರೆ; ಲೈಸೆನ್ಸ್ ಉಲ್ಲಂಘನೆ ಹೇಗೂ ಆಯಿತು, ವಿಂಡೋಸ್ ಅಪ್‌ಡೇಟ್ ಬಂದಾಗ ಅದು ಕೈಕೊಡುವುದೂ ಉಂಟು.

ಕ್ಯಾಲ್ ಎರಡು ಬಗೆ: ಕಂಪ್ಯೂಟರಿಗೊಂದು ಅಥವಾ ವ್ಯಕ್ತಿಗೊಂದು. ಕಂಪ್ಯೂಟರಿನದನ್ನು ಸರ್ವರ್ ಕಟ್ಟುನಿಟ್ಟಾಗಿ ಎಣಿಸುತ್ತದೆ. ವ್ಯಕ್ತಿಯದು ಮೀರಿದರೆ ತಡೆಯುವುದಿಲ್ಲ, ಕರಾರು ಮಾತ್ರ ಮುರಿದಿರುತ್ತದೆ. ನಿಮ್ಮಂಥ ಸಣ್ಣ ವ್ಯಾಪಾರದಲ್ಲಿ ಡೊಮೇನ್, ಅಂದರೆ ಎಲ್ಲರ ಖಾತೆಗಳನ್ನೂ ಒಂದೇ ಕಡೆಯಿಂದ ನೋಡಿಕೊಳ್ಳುವ ಜಾಲ, ಇರುವುದು ಕಡಿಮೆ. 2019ರ ಸರ್ವರ್ ಬರೀ ವರ್ಕ್‌ಗ್ರೂಪ್‌ನಲ್ಲಿದ್ದು (ಪ್ರತಿ ಕಂಪ್ಯೂಟರ್ ತನ್ನ ಖಾತೆಗಳನ್ನು ತಾನೇ ಇಟ್ಟುಕೊಳ್ಳುವ ಸರಳ ಜಾಲ) ವ್ಯಕ್ತಿಯ ಕ್ಯಾಲ್ ಹಾಕಿದರೆ 60 ನಿಮಿಷಕ್ಕೊಮ್ಮೆ ಹೊರಗೆ ಹಾಕುತ್ತದೆ. ಆದ್ದರಿಂದ ದುಡ್ಡು ಕೊಡುವ ಮೊದಲು ಸರ್ವರ್ ಡೊಮೇನ್‌ನಲ್ಲಿದೆಯೋ ವರ್ಕ್‌ಗ್ರೂಪ್‌ನಲ್ಲಿದೆಯೋ ಕೇಳಿಕೊಳ್ಳಿ. ವರ್ಕ್‌ಗ್ರೂಪ್ ಅಂದರೆ ಕಂಪ್ಯೂಟರಿಗೊಂದರ ಕ್ಯಾಲನ್ನೇ ತೆಗೆದುಕೊಳ್ಳಿ.