ಪದ ಪರಿಚಯ: ‘ಸ್ಟೇಬಲ್ ಡಿಸೀಸ್’

ಚಿಕ್ಕಮ್ಮನ ಮೊದಲ ಮೂರು ತಿಂಗಳ ಕ್ಯಾನ್ಸರ್ ಚಿಕಿತ್ಸೆಯ ನಂತರದ ಸ್ಕ್ಯಾನ್ ವರದಿಯ ಕೊನೆಯ ಸಾಲಿನಲ್ಲಿ ಇದ್ದದ್ದು ಎರಡೇ ಪದ: ಸ್ಟೇಬಲ್ ಡಿಸೀಸ್. ಚಿಕ್ಕಪ್ಪನ ಮುಖ ಸಣ್ಣದಾಯಿತು. ‘ಇಷ್ಟು ಮಾತ್ರೆ ನುಂಗಿದರೂ ಇದ್ದ ಹಾಗೇ ಇದೆಯಂತೆ’ ಎಂದು ಊರಿಗೆ ಫೋನ್ ಮಾಡಿ ಹೇಳಿದರು. ಅದೇ ಸಾಲನ್ನು ಓದಿದ ವೈದ್ಯರು ಮಾತ್ರ ಖುಷಿಯಾಗಿದ್ದರು. ಮೇಜಿನ ಆ ಬದಿಗೂ ಈ ಬದಿಗೂ ಒಂದೇ ಪದದ ಅರ್ಥ ಇಷ್ಟು ಬೇರೆಯಾದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಹೆದರಿಕೆಗೆ ಟಿವಿಯೂ ಒಂದು ಕಾರಣವಿರಬೇಕು. ರಾಜಕಾರಣಿಯೋ ನಟರೋ ಆಸ್ಪತ್ರೆ ಸೇರಿದರೆ ಪರದೆಯ ಕೆಳಗೆ ‘ಆರೋಗ್ಯ ಸ್ಥಿತಿ ಸ್ಥಿರ’ ಎಂದು ಓಡುತ್ತದೆ. ನೋಡಿದವರು ಮನಸ್ಸಿನಲ್ಲೇ ಕೆಟ್ಟ ಸುದ್ದಿಗೆ ತಯಾರಾಗುತ್ತಾರೆ. ಅಲ್ಲಿ ಸ್ಥಿರವಾಗಿರುವುದು ಮನುಷ್ಯ. ಕ್ಯಾನ್ಸರ್ ವರದಿಯಲ್ಲಿ ಸ್ಥಿರವಾಗಿರುವುದು ರೋಗ. ಬೆಳೆಯುವುದೇ ಸ್ವಭಾವವಾದ ಒಂದು ವಸ್ತು ಮೂರು ತಿಂಗಳು ಬೆಳೆಯದೆ ಕೂತಿದೆ ಎಂದರೆ ಸಾಮಾನ್ಯವಾಗಿ ಯಾವುದೋ ಶಕ್ತಿ ಅದನ್ನು ಒತ್ತಿ ಹಿಡಿದಿದೆ ಎಂದು ಅರ್ಥ.

ಈ ಪದದ ಹಿಂದೆ ಒಂದು ಲೆಕ್ಕವಿದೆ. 2000ದಲ್ಲಿ ಪ್ರಕಟವಾಗಿ 2009ರಲ್ಲಿ ಪರಿಷ್ಕಾರಗೊಂಡ ‘ರೆಸಿಸ್ಟ್’ ಎಂಬ ನಿಯಮಾವಳಿಯ ಪ್ರಕಾರ, ಹರಡಿದ ಗಡ್ಡೆಗಳಲ್ಲಿ ಹೆಚ್ಚೆಂದರೆ ಐದನ್ನು ಆರಿಸಿಕೊಂಡು, ಅವುಗಳ ಉದ್ದದ ಅಳತೆಗಳನ್ನು ಕೂಡುತ್ತಾರೆ. ಚಿಕ್ಕಮ್ಮನ ಸ್ತನ ಕ್ಯಾನ್ಸರ್ ಮೂಳೆಗೂ ಯಕೃತ್ತಿಗೂ ಹರಡಿತ್ತು. ಯಕೃತ್ತಿನಲ್ಲಿ 30 ಮಿಲಿಮೀಟರಿನದೊಂದು, 20ರದೊಂದು, ಮೊತ್ತ 50. ಇದು ಶೇ 30ರಷ್ಟು ಇಳಿದು 35 ಅಥವಾ ಅದಕ್ಕೂ ಕಡಿಮೆಯಾದರೆ ‘ಭಾಗಶಃ ಪ್ರತಿಕ್ರಿಯೆ’. ಅದುವರೆಗಿನ ಅತಿ ಕಡಿಮೆ ಮೊತ್ತಕ್ಕಿಂತ ಶೇ 20ರಷ್ಟು, ಕನಿಷ್ಠ 5 ಮಿಲಿಮೀಟರ್, ಬೆಳೆದರೆ ಅಥವಾ ಹೊಸ ಗಡ್ಡೆ ಕಂಡರೆ ‘ಪ್ರೊಗ್ರೆಷನ್’. ಇವೆರಡರ ನಡುವಿನ ಬಯಲೆಲ್ಲ ಸ್ಟೇಬಲ್. ಅಂದರೆ 50 ಇದ್ದದ್ದು 36ಕ್ಕೆ ಇಳಿದರೂ ಸ್ಟೇಬಲ್, ನಡುವೆ ಇಳಿಯದೆ 59ಕ್ಕೆ ಏರಿದರೂ ಸ್ಟೇಬಲ್. ಹಾಗಾಗಿ ವರದಿಯ ಕೊನೆಯ ಸಾಲನ್ನಷ್ಟೇ ಓದಿ ಫೋನ್ ಮಾಡಬಾರದು. ಸಂಖ್ಯೆ ಎಷ್ಟು, ಯಾವ ಕಡೆಗೆ ಸರಿಯುತ್ತಿದೆ ಎಂದು ವೈದ್ಯರನ್ನು ಕೇಳಬೇಕು. ಚಿಕ್ಕಮ್ಮನದು 47 ಆಗಿತ್ತು.

ಇಷ್ಟು ಅಗಲದ ಬಯಲು ಏಕೆ ಬೇಕು? ಅಳೆಯುವ ಕೈ ತಪ್ಪುತ್ತದೆ ಎಂಬ ಕಾರಣಕ್ಕೆ. ಸ್ಕ್ಯಾನ್ ಅಪರೂಪವಾಗಿದ್ದ ಕಾಲದ, 1976ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಪ್ರಯೋಗ ನನಗೆ ಬಹಳ ಇಷ್ಟ. ಗಟ್ಟಿಯಾದ 12 ಗುಂಡುಗಳನ್ನು ಫೋಮ್ ಹಾಸಿನ ಕೆಳಗಿಟ್ಟು, ಅನುಭವಸ್ಥ 16 ಮಂದಿ ಕ್ಯಾನ್ಸರ್ ವೈದ್ಯರಿಗೆ ಮುಟ್ಟಿ ಅಳೆಯಲು ಹೇಳಿದರು. ಗುಂಡುಗಳು ಬೆಳೆಯಲೂ ಇಲ್ಲ, ಕರಗಲೂ ಇಲ್ಲ. ವೈದ್ಯರ ಅಳತೆಗಳು ಮಾತ್ರ ಬೆಳೆದವು, ಕರಗಿದವು. ಉದ್ದ ಅಗಲಗಳ ಗುಣಲಬ್ಧ ಅರ್ಧಕ್ಕೆ ಇಳಿದರಷ್ಟೇ ಔಷಧದ ಗುಣವೆಂದು ನಂಬಬಹುದು ಎಂಬ ತೀರ್ಮಾನಕ್ಕೆ ಬಂದದ್ದು ಹೀಗೆ. ಇಂದಿನ ಶೇ 30 ಅದರದೇ ಮೊಮ್ಮಗು: ಉದ್ದ ಶೇ 30 ಕಡಿಮೆಯಾದರೆ 0.7ನ್ನು 0.7ರಿಂದ ಗುಣಿಸಿ 0.49, ಸರಿಸುಮಾರು ಅರ್ಧ.

ಕನ್ನಡದಲ್ಲಿ ಇದಕ್ಕೆ ಏನೆನ್ನಬೇಕು? ‘ಸ್ಥಿರ ರೋಗ’ ಎಂದರೆ ಬಿಡದೆ ಅಂಟಿಕೊಂಡ ರೋಗದಂತೆ ಕೇಳಿಸುತ್ತದೆ. ‘ಹತೋಟಿಯಲ್ಲಿದೆ’ ಎನ್ನುವುದು ಹತ್ತಿರ. ನನಗೆ ಹಿಡಿಸಿದ್ದು ‘ತಹಬಂದಿಗೆ ಬಂದಿದೆ’ ಎಂಬ ಹಳೆಯ ಮಾತು. ಅದರಲ್ಲಿ ಹಿಡಿದವರ ಶ್ರಮವೂ ಕಾಣುತ್ತದೆ. ತೊಡಕು ಇರುವುದು ‘ವಾಸಿ’ ಎಂಬ ಪದದಲ್ಲಿ. ಜ್ವರ ವಾಸಿಯಾಯಿತು ಎಂದರೆ ಹೋಯಿತು. ಅದಕ್ಕಿಂತ ಇದು ವಾಸಿ ಎಂದರೆ ಎರಡರಲ್ಲಿ ಮೇಲು. ನೆಂಟರು ‘ವಾಸಿಯಾಯಿತೇ?’ ಎಂದು ಮೊದಲನೆಯ ಅರ್ಥದಲ್ಲಿ ಕೇಳುತ್ತಾರೆ, ಚಿಕ್ಕಮ್ಮ ‘ವಾಸಿ, ವಾಸಿ’ ಎಂದು ಎರಡನೆಯ ಅರ್ಥದಲ್ಲಿ ಉತ್ತರಿಸುತ್ತಾರೆ. ಸುಳ್ಳು ಹೇಳದೆ ಫೋನ್ ಇಡುವ ಉಪಾಯವಿದು.

ತಹಬಂದಿಯಲ್ಲಿಡುವ ಕೆಲಸ ನಡೆಯುವುದು ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ. ಲೆಟ್ರೊಝೋಲ್ ಮಾತ್ರೆ ದಿನವೂ ಒಂದು. ಪಾಲ್ಬೊಸಿಕ್ಲಿಬ್ 21 ದಿನ, ಆಮೇಲೆ ಏಳು ದಿನ ಬಿಡುವು. (ಎರಡನೆಯದರ ಪೇಟೆಂಟ್ ಭಾರತದಲ್ಲಿ 2023ರ ಜನವರಿಯಲ್ಲಿ ಮುಗಿದು ಜೆನರಿಕ್ ಮಾತ್ರೆಗಳು ಬಂದ ಮೇಲೆ ಚಿಕ್ಕಪ್ಪ ತೋಟ ಮಾರುವ ಮಾತನ್ನು ನಿಲ್ಲಿಸಿದರು.) ಆ ಏಳು ದಿನ ರಜೆಯಲ್ಲ, ಔಷಧ ತಗ್ಗಿಸಿದ ಬಿಳಿ ರಕ್ತಕಣಗಳು ಮತ್ತೆ ಏರಲು ಕೊಟ್ಟ ಸಮಯ. ಕಣಗಳು ಕಡಿಮೆಯಿರುವಾಗ ಜ್ವರ 100.4 ಡಿಗ್ರಿ ಮುಟ್ಟಿದರೆ ಪ್ಯಾರಾಸಿಟಮಾಲ್ ನುಂಗಿ ಮಲಗುವಂತಿಲ್ಲ, ರಾತ್ರಿಯಾದರೂ ಆಸ್ಪತ್ರೆಗೆ ಫೋನ್ ಮಾಡಬೇಕು. ಮಾತ್ರೆ ಜ್ವರವನ್ನು ಮುಚ್ಚುತ್ತದೆ, ಸೋಂಕನ್ನಲ್ಲ. ಮೂಳೆಗೆ ಝೋಲೆಡ್ರೊನಿಕ್ ಆಸಿಡ್ ಡ್ರಿಪ್ ಕೊಡುವ ಮೊದಲು ಹಲ್ಲಿನ ವೈದ್ಯರ ಬಳಿಗೆ ಕಳಿಸಿದರು. ಈ ಔಷಧ ನಡೆಯುತ್ತಿರುವಾಗ ಹಲ್ಲು ಕೀಳಿಸಿದರೆ ಕೆಲವರಿಗೆ ದವಡೆಯ ಮೂಳೆ ಮಾಯುವುದಿಲ್ಲ.

ಆಸ್ಪತ್ರೆಯ ಚೀಟಿಯಲ್ಲಿ ‘ಗ್ರೇಪ್‌ಫ್ರೂಟ್ ತಿನ್ನಬೇಡಿ’ ಎಂದಿತ್ತು. ನಮ್ಮಲ್ಲಿ ಅದನ್ನು ಯಾರು ತಿನ್ನುತ್ತಾರೆ ಎಂದು ಎಲ್ಲರೂ ನಕ್ಕೆವು. ಆದರೆ ಅದರ ಹತ್ತಿರದ ಬಂಧು ನಮ್ಮ ಚಕ್ಕೋತ, ದೇವನಹಳ್ಳಿಯ ಅದೇ ಚಕ್ಕೋತ. ಎರಡರಲ್ಲೂ ಇರುವ ಫ್ಯುರಾನೊಕೂಮರಿನ್ ಎಂಬ ರಾಸಾಯನಿಕಗಳು ಔಷಧವನ್ನು ಒಡೆಯುವ ಕರುಳಿನ ಕಿಣ್ವವನ್ನು ತಡೆಯುತ್ತವೆ. ರಕ್ತದಲ್ಲಿ ಔಷಧದ ಮಟ್ಟ ಬೇಡದಷ್ಟು ಏರಬಹುದು. ಚೀಟಿಯನ್ನು ಕನ್ನಡಕ್ಕೆ ತರುವವರು ಹಣ್ಣನ್ನೂ ತರಬೇಕಿತ್ತು.

ಇವೆಲ್ಲಕ್ಕಿಂತ ಕಷ್ಟವಾದದ್ದು ಚಿಕ್ಕಮ್ಮನ ಬಾಯಿ ಬಿಡಿಸುವುದು. ಬೆಳಿಗ್ಗೆ ಕೀಲುಗಳು ಹಿಡಿದುಕೊಳ್ಳುತ್ತಿದ್ದವು, ಬಾಯಿಹುಣ್ಣಿನಿಂದ ಸಾರನ್ನೂ ಉಣ್ಣಲಾಗುತ್ತಿರಲಿಲ್ಲ. ವೈದ್ಯರ ಮುಂದೆ ಮಾತ್ರ ‘ಏನೂ ತೊಂದರೆಯಿಲ್ಲ ಡಾಕ್ಟ್ರೇ’. ಹೇಳಿದರೆ ಡೋಸ್ ಇಳಿಸುತ್ತಾರೆ, ಇಳಿಸಿದರೆ ರೋಗ ಏರುತ್ತದೆ ಎಂಬುದು ಅವರ ತರ್ಕ. ಆದರೆ ಡೋಸ್ ಇಳಿಸುವ ಮೆಟ್ಟಿಲುಗಳನ್ನು ಔಷಧದ ಜೊತೆಗೇ ಕಟ್ಟಿರುತ್ತಾರೆ: ಪಾಲ್ಬೊಸಿಕ್ಲಿಬ್‌ಗೆ 125, ಬೇಕಾದರೆ 100, ಮತ್ತೂ ಬೇಕಾದರೆ 75 ಮಿಲಿಗ್ರಾಂ. ವರ್ಷಗಟ್ಟಲೆ ನುಂಗಬೇಕಾದ ಔಷಧವನ್ನು ದೇಹ ತಾಳಿಕೊಳ್ಳುವ ಮಟ್ಟಕ್ಕೆ ಹೊಂದಿಸುವುದೂ ಚಿಕಿತ್ಸೆಯೇ. ತೊಂದರೆ ಹೇಳಿಕೊಳ್ಳುವುದರಿಂದ ಆಯುಷ್ಯಕ್ಕೇ ಲಾಭವಿದೆ ಎಂಬುದಕ್ಕೆ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯ ಅಧ್ಯಯನವೊಂದು ಸಾಕ್ಷಿ. ಹರಡಿದ ಕ್ಯಾನ್ಸರಿಗೆ ಕೀಮೊಥೆರಪಿ ಪಡೆಯುತ್ತಿದ್ದ 766 ಮಂದಿಯಲ್ಲಿ ಒಂದು ಗುಂಪಿನವರು ತಮ್ಮ ನೋವು, ವಾಕರಿಕೆ, ಸುಸ್ತುಗಳನ್ನು ಕಂಪ್ಯೂಟರಿನಲ್ಲಿ ಆಗಾಗ ದಾಖಲಿಸುತ್ತಿದ್ದರು. ಹೆಚ್ಚಾದರೆ ನರ್ಸುಗಳಿಗೆ ಸೂಚನೆ ಹೋಗುತ್ತಿತ್ತು. 2017ರಲ್ಲಿ ಪ್ರಕಟವಾದ ಫಲಿತಾಂಶ: ಆ ಗುಂಪಿನ ಸರಾಸರಿ ಬದುಕು (ಮಧ್ಯಾಂಕದ ಲೆಕ್ಕದಲ್ಲಿ) 31.2 ತಿಂಗಳು, ಉಳಿದವರದು 26. ಹೊಸ ಔಷಧವೇನೂ ಇಲ್ಲ, ಕೇಳಿಸಿಕೊಂಡದ್ದಷ್ಟೇ. ಇದನ್ನು ಓದಿ ಹೇಳಿದ ಮೇಲೆ ಚಿಕ್ಕಮ್ಮ ಹಾಲಿನ ಲೆಕ್ಕದ ಪುಸ್ತಕದ ಹಿಂದಿನಿಂದ ಬರೆಯಲು ಶುರುಮಾಡಿದರು.

ಸ್ಟೇಬಲ್ ಎಂಬುದಕ್ಕೆ ಕೊನೆಯೂ ಇರುತ್ತದೆ. ಕ್ಯಾನ್ಸರ್ ಕೋಶಗಳು ಔಷಧದ ಕಣ್ಣು ತಪ್ಪಿಸುವ ದಾರಿ ಕಂಡುಕೊಳ್ಳುತ್ತವೆ. 44ರವರೆಗೆ ಇಳಿದಿದ್ದ ಚಿಕ್ಕಮ್ಮನ ಮೊತ್ತ ಮೂರನೆಯ ವರ್ಷ 55 ಆಯಿತು. ಮೊದಲ ದಿನದ 50ಕ್ಕೆ ಹೋಲಿಸಿದರೆ ದೊಡ್ಡ ಏರಿಕೆಯಲ್ಲ, ಆದರೆ ಲೆಕ್ಕ ಹಿಡಿಯುವುದು 44ರಿಂದ. ಅಲ್ಲಿಂದ ಶೇ 25ರ ಏರಿಕೆ, ಅಂದರೆ ‘ಪ್ರೊಗ್ರೆಷನ್’. ಇಂಗ್ಲಿಷಿನವರು ರೋಗದ ಮುನ್ನಡೆಗೂ ‘ಪ್ರೊಗ್ರೆಷನ್’ ಎನ್ನುತ್ತಾರೆ; ಪ್ರಗತಿ ಎಂದು ಅನುವಾದಿಸಿ ಅಭಿನಂದಿಸಿದ ನೆಂಟರೂ ನಮ್ಮಲ್ಲಿದ್ದಾರೆ.

ಈಗ ಔಷಧ ಬದಲಾಗಿದೆ: ಕ್ಯಾಪೆಸಿಟಬೈನ್. ಊಟವಾದ ಅರ್ಧ ಗಂಟೆಯೊಳಗೆ ನುಂಗಬೇಕು. ಅಂಗೈ ಅಂಗಾಲು ಕೆಂಪಾಗಿ ಸುಲಿಯುತ್ತವೆ. ಯೂರಿಯಾ ಇರುವ ಕ್ರೀಮ್ ಹಚ್ಚುತ್ತಾರೆ, ಬಿಸಿನೀರಿನಲ್ಲಿ ಪಾತ್ರೆ ತೊಳೆಯುವುದನ್ನು ಬಿಟ್ಟಿದ್ದಾರೆ. ಬೆರಳಿನ ಗೆರೆಗಳೂ ಅಳಿಸಿಹೋಗಬಹುದು. 2008ರ ಡಿಸೆಂಬರಿನಲ್ಲಿ ಇದೇ ಮಾತ್ರೆ ನುಂಗುತ್ತಿದ್ದ ಸಿಂಗಪುರದ ರೋಗಿಯೊಬ್ಬರನ್ನು, ಬೆರಳಚ್ಚು ಬೀಳುತ್ತಿಲ್ಲವೆಂದು, ಅಮೆರಿಕದ ವಿಮಾನ ನಿಲ್ದಾಣದಲ್ಲಿ ನಾಲ್ಕು ಗಂಟೆ ಕೂರಿಸಿದ್ದರು. ಚಿಕ್ಕಮ್ಮನಿಗೆ ಅದು ಆದದ್ದು ನ್ಯಾಯಬೆಲೆ ಅಂಗಡಿಯಲ್ಲಿ. ಹೆಬ್ಬೆಟ್ಟು ಒತ್ತಿ ಒತ್ತಿ ಸಾಕಾಗಿ ಬರಿಗೈಯಲ್ಲಿ ಬಂದರು. ಪಡಿತರ ಚೀಟಿಯಲ್ಲಿ ಹೆಸರಿರುವ ಬೇರೆಯವರ ಬೆರಳೂ ನಡೆಯುತ್ತದಾದ್ದರಿಂದ ಈಗ ಅಕ್ಕಿ ತರಲು ಚಿಕ್ಕಪ್ಪ ಹೋಗುತ್ತಾರೆ.

ಹೊಸ ಮಾತ್ರೆಯ ಮೊದಲ ಸ್ಕ್ಯಾನ್ ವರದಿ ಕಳೆದ ತಿಂಗಳು ಬಂತು. ಚಿಕ್ಕಪ್ಪ ಕೊನೆಯ ಸಾಲನ್ನು ಬಿಟ್ಟು ಮೊದಲು ಮೇಲಿನ ಪಟ್ಟಿಯನ್ನು ಓದಿದರು, ಆಮೇಲೆ ಊರಿಗೆ ಫೋನ್ ಮಾಡಿದರು: ‘ಸ್ಟೇಬಲ್. 55 ಇದ್ದದ್ದು 48.’